ಬ್ಯಾಂಕಿಗೆ ಹೊರಟ ಎಂಜಿನಿಯರ್

ಓದಿದ್ದೊಂದು, ಹೊಟ್ಟೆಪಾಡಿಗೆ ಹುಡುಕಿದ್ದು ಇನ್ನೊಂದು ಆದವನ ಬಾಳಿನಲ್ಲಿ ನಗೆಪಾಟಲಿಗೆ ಬರ ಇರುವುದಿಲ್ಲ. ನಾನಂತೂ ಆ ಬೆಳೆಯನ್ನು ಮುಂಗಾರು, ಹಿಂಗಾರು ಎರಡರಲ್ಲೂ ತೆಗೆದವನು. ಎಂಬತ್ತರ ದಶಕದ ನಡುವೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಕಾರ್ಖಾನೆಗಳ ಬಾಗಿಲು ಬಡಿದು ಬಡಿದು ಸಾಕಾಗಿ ಅಣ್ಣಿಗೇರಿಗೆ ಮರಳಿದೆ. ಇನ್ನು ರೊಕ್ಕದ ಕಡೆಯ ನೌಕರಿಯೇ ಗತಿ ಎಂದು ಬ್ಯಾಂಕ್ ಪರೀಕ್ಷೆಗೆ ಓದತೊಡಗಿದೆ.

ಅಪ್ಪ ಇಲ್ಲದ ನಮ್ಮ ಮನೆಯನ್ನು ನಡೆಸುತ್ತಿದ್ದವನು ಸೋದರಮಾಮ. ಪೇಟೆಯಲ್ಲಿ ಕಾಳುಕಡಿ, ಮೆಣಸಿನಕಾಯಿಯ ದಲಾಲಿ. ಅವನು ಕಡ್ಡಿ ಮುರಿದಂತೆ ಹೇಳಿಬಿಟ್ಟ: “ದೀಪಾವಳಿ ಪಾಡ್ಯಾದ ತನಕ ನೋಡ್ತೀನಿ. ನೌಕರಿ ಸಿಗಲಿಲ್ಲಂದ್ರ ಸುಮ್ಮನ ಬಂದು ಅಂಗಡಿ ಗಾದಿ ಮ್ಯಾಲೆ ಕುಂದ್ರು.” ಮೆಣಸಿನಕಾಯಿ ಚೀಲ ದೂರದಿಂದ ಕಂಡರೂ ಸೀನು ಬರುವ ನನಗೆ ಆ ಗಾದಿ ಎಂದರೆ ಜೀವಾವಧಿ ಶಿಕ್ಷೆ. ನಿಜಕ್ಕೂ ಹೆದರಿದ್ದೆ.

ಕೆಟ್ಟದ್ದೇನು?

ನಮ್ಮ ಓಣಿಯಲ್ಲಿ ಎಂಜಿನಿಯರ್ ಎಂದರೆ ರಿಪೇರಿಯವನು. ಒಬ್ಬರು ರೇಡಿಯೋ ತರುವರು, ಇನ್ನೊಬ್ಬರು ಹೊಲಿಗೆ ಯಂತ್ರ. ‘ನಾನು ಓದಿದ್ದು ದೊಡ್ಡ ದೊಡ್ಡ ಟರ್ಬೈನ್’ ಎಂದರೆ, ‘ಹಂಗಾರ ಸಣ್ಣದು ಇನ್ನೂ ಸಸಾರ’ ಎನ್ನುವರು. ಒಂದು ಸಂಜೆ ಬಾಜೂ ಮನೆಯ ಕಾಕೂ ಸ್ಟೋ ಹಿಡಿದು ಬಂದಾಗ ನನಗೆ ತಲೆ ಕೆಟ್ಟಿತು.

“ಕಾಕೂ, ನಾ ಇನ್ನ ಸ್ಟೋ ಮುಟ್ಟೂದಿಲ್ರಿ. ನಾ ಬ್ಯಾಂಕಿಗೆ ಹೊಂಟೀನಿ,” ಎಂದೆ.

ಆಕೆಯ ಮುಖದ ಕಳೆಯೇ ಇಳಿದುಹೋಯಿತು. “ಅಯ್ಯ ನಮ್ಮಪ್ಪಾ! ಬ್ಯಾಂಕಿನ್ಯಾಗ ಏನ್ ಕೆಟ್ಟೈತೋ?”

ಬಿಡಿಸಿ ಹೇಳುವಷ್ಟರಲ್ಲಿ ಸ್ಟೋ ಅಲ್ಲೇ ಬಿಟ್ಟು ನಡೆದಿದ್ದಳು. ಮರುದಿನ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ನಮ್ಮ ಓಣಿಯ ಹೆಂಗಸರೆಲ್ಲ ಇಟ್ಟ ರೊಕ್ಕ ವಾಪಸ್ ಕೇಳಲು ಸಾಲಾಗಿ ನಿಂತಿದ್ದರು.

ಹರಕೆ ಹೊರುವುದು ಹ್ಯಾಂಗ?

ಪರೀಕ್ಷೆ ಬರೆದ ಮೇಲೆ ಖಾಲಿ ಕೂರಬಾರದೆಂದು ವಿಮೆ ಏಜೆಂಟನಾದೆ. ಮೊದಲ ಗಿರಾಕಿ ನವಲಗುಂದದ ಕಡೆಯ ಹಳ್ಳಿಯಲ್ಲಿ ಹತ್ತಿ ಬೆಳೆಯುವ ಒಬ್ಬ ಕಾಕಾ. ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟ. ಅವನ ಹೆಂಡತಿ ಕಂಬಕ್ಕೆ ಒರಗಿ ನಿಂತಳು.

“ನೀವು ನಡುವ ಹೋದ್ರ ರೊಕ್ಕ ಮನಿಯವರಿಗೆ ಬರತೈತ್ರಿ,” ಎಂದೆ.

“ಎಲ್ಲಿಗೆ ಹೋದ್ರ?”

“ಅಂದ್ರ... ತೀರಿಕೊಂಡ್ರ.”

ಹೆಂಡತಿ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಅದು ಕಾಕಾನಿಗೆ ಸರಿಬೀಳಲಿಲ್ಲ.

“ಸಾಯಲಿಲ್ಲಂದ್ರ?”

“ಮುದತ್ತು ಮುಗಿದ ಮ್ಯಾಲೆ ಪೂರಾ ನಿಮಗ.”

ಕಾಕಾ ಚಹಾದ ಬಸಿಯನ್ನು ಕೆಳಗಿಟ್ಟ. “ಅಂದ್ರ ಸತ್ರ ಆಕಿಗೆ, ಬದುಕಿದ್ರ ನನಗ! ಇಷ್ಟು ದಿನ ನನ್ನ ಆಯುಷ್ಯ ಗಟ್ಟಿ ಇರ್ಲಿ ಅಂತ ಆಕಿ ಯಮನೂರ ದರ್ಗಾಕ್ಕ ಹರಕಿ ಹೊರತಿದ್ಲು. ಇನ್ನ ಮ್ಯಾಲೆ ಏನಂತ ಹೊರಬೇಕು, ಹೇಳು?”

ಅದಕ್ಕೆ ಆಕೆಯೇ ಹೇಳಿದಳು: “ನೀವು ಸುಮ್ಮನ ಸಹಿ ಮಾಡ್ರಿ. ಹರಕಿದು ನಾ ನೋಡ್ಕೋತೀನಿ.”

ಕಾಕಾ ಸಹಿ ಮಾಡಲಿಲ್ಲ. ನನ್ನ ಏಜೆನ್ಸಿಯೂ ಅಲ್ಲಿಗೇ ಮುಗಿಯಿತು.

ಬಾಗಿಲ ಹೊರಗೆ

ಬ್ಯಾಂಕಿನ ಲಿಖಿತ ಪರೀಕ್ಷೆ ಪಾಸಾಗಿ ಸಂದರ್ಶನಕ್ಕೆ ಕರೆ ಬಂತು. ನಮ್ಮೂರ ಶಾಲೆಯ ನಿವೃತ್ತ ಹೆಡ್ ಮಾಸ್ತರರು ತಾವಾಗಿಯೇ ತಯಾರಿ ಮಾಡಿಸುತ್ತೇನೆಂದರು. “ಒಳಗ ಹೋಗೂದರಾಗ ಅರ್ಧ ನೌಕರಿ ಐತಿ. ಬಾಗಲ ಹೊರಗ ನಿಂತು ಅಪ್ಪಣಿ ಕೇಳು. ನಾ ಹ್ಞೂಂ ಅನ್ನೂತನಕ ಅಲುಗಾಡಬಾರದು,” ಎಂದು ತಮ್ಮ ಮನೆಯ ಆರಾಮಕುರ್ಚಿಯಲ್ಲಿ ಕೂತರು.

ನಾನು ಹೊರಗೆ ನಿಂತು ಇಂಗ್ಲಿಷಿನಲ್ಲಿ ಅಪ್ಪಣೆ ಕೇಳಿದೆ. ಒಳಗಿನಿಂದ ಸದ್ದಿಲ್ಲ. ಇದೂ ಪರೀಕ್ಷೆಯೇ ಇರಬೇಕೆಂದು ಬಿಸಿಲಲ್ಲಿ ನೆಟ್ಟಗೆ ನಿಂತೆ. ಆಗ ಊರಿನ ಖಾನಾವಳಿ ಮಾಲಕರು ಮಗಳ ಮದುವೆಗೆ ಕರೆಯಲು ಅಕ್ಷತೆ ಹಿಡಿದು ಬಂದರು. ತಲೆ ಪೂರಾ ನರೆತ ಮನುಷ್ಯ, ಮಾಸ್ತರರ ಹಳೆಯ ಶಿಷ್ಯ. ನನ್ನನ್ನು ನೋಡಿ ದನಿ ತಗ್ಗಿಸಿದರು.

“ಹೊರಗ ನಿಂದ್ರಿಸ್ಯಾರೇನು?”

“ಹೌದ್ರಿ.”

ಪಾಪ, ಅವರ ಕಾಲಿಗೆ ಯಾವ ಹಳೆಯ ನೆನಪು ಬಂತೋ, ಚಪ್ಪಲಿ ಬಿಟ್ಟು, ಕೈಕಟ್ಟಿ ನನ್ನ ಪಕ್ಕದಲ್ಲೇ ನಿಂತುಬಿಟ್ಟರು. ಒಳಗೆ ಮಾಸ್ತರರು ಉಂಡ ಅನ್ನಕ್ಕೆ ನಿದ್ದೆ ಹೋಗಿದ್ದರು. ನೆರಳು ನಮ್ಮ ಕಡೆ ಬರುವ ಹೊತ್ತಿಗೆ ಎಚ್ಚರಾಗಿ ಬಾಗಿಲ ಕಡೆ ನೋಡಿದರು. ಕಣ್ಣಿಗೆ ಕನ್ನಡಕ ಇರಲಿಲ್ಲ.

“ಇಬ್ರೂ ಒಳಗ ಬರ್ರಿ,” ಎಂದು ಗುಡುಗಿ, ಖಾನಾವಳಿ ಮಾಲಕರಿಗೆ ಹೇಳಿದರು: “ನೀ ಮಾತ್ರ ನಾಳಿಗೆ ನಿಮ್ಮಪ್ಪನ್ನ ಕರಕೊಂಡು ಬರಬೇಕು!”

ಕರ್ಚೀಫಿನ ಒಳಗೆ

ಮಾಮಾನಿಗೆ ಈ ತಯಾರಿ ಏನೂ ಸೇರಲಿಲ್ಲ. “ಬ್ಯಾಂಕಂದ್ರೂ ವ್ಯಾಪಾರನಲೇ. ಪ್ಯಾಟಿಗೆ ಬಾ, ಕಲಸ್ತೀನಿ,” ಎಂದು ಹೆಸರುಕಾಳಿನ ಸುಗ್ಗಿಯುದ್ದಕ್ಕೂ ನನ್ನನ್ನು ಅಂಗಡಿಯಲ್ಲಿ ಕೂರಿಸಿದ. ಅಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನ ಕೈ ಹಿಡಿದು ಮೇಲೆ ಟಾವೆಲ್ ಹಾಕುವುದು, ಒಳಗೆ ಬೆರಳು ಒತ್ತಿ ದರ ಹೇಳುವುದು. ಅವನು ತಿರುಗಿ ಬೆರಳು ಒತ್ತಿದರೆ ಚೌಕಾಶಿ, ಕೈ ಕೊಡವಿಕೊಂಡರೆ ಮಾಲು ಬೇಡ. ಸುಗ್ಗಿ ಮುಗಿಯುವಷ್ಟರಲ್ಲಿ ಯಾರು ಕೈ ಚಾಚಿದರೂ ನನ್ನ ಇನ್ನೊಂದು ಕೈ ಬಟ್ಟೆ ಹುಡುಕುತ್ತಿತ್ತು.

ಸಂದರ್ಶನ ಹುಬ್ಬಳ್ಳಿಯಲ್ಲಿ. ಮೂವರು ಅಧಿಕಾರಿಗಳು. ನಡುವೆ ಟೈ ಕಟ್ಟಿದ ಹಿರಿಯರು, ಮುಖ್ಯಸ್ಥರು.

“ಎಂಜಿನಿಯರಿಂಗ್ ಓದಿ ಬ್ಯಾಂಕಿಗೆ ಯಾಕೆ ಬಂದಿರಿ?” ಎಂದರು.

“ನಮ್ಮ ಕಡೆ ಪಂಪ್‌ಸೆಟ್ಟಿಗೆ ಸಾಲ ಕೊಡೋರಿಗೆ ಪಂಪ್‌ಸೆಟ್ ಗೊತ್ತಿಲ್ಲ ಸಾರ್, ಪಂಪ್‌ಸೆಟ್ ಗೊತ್ತಿದ್ದೋರಿಗೆ ಸಾಲ ಗೊತ್ತಿಲ್ಲ. ನಾನು ಎರಡನ್ನೂ ಬಲ್ಲವನಾಗಬೇಕು,” ಎಂದೆ.

ಮೂವರೂ ತಲೆದೂಗಿದರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಮುಖ್ಯಸ್ಥರು ಎದ್ದು ಕೈ ಕುಲುಕಲು ಕೈ ಚಾಚಿದರು. ಬೆವರು ಒರೆಸಿಕೊಳ್ಳುತ್ತಿದ್ದ ಕರ್ಚೀಫು ನನ್ನ ಎಡಗೈಯಲ್ಲಿತ್ತು. ಅದು ಯಾವಾಗ ಹೋಗಿ ನಮ್ಮಿಬ್ಬರ ಕೈಗಳ ಮೇಲೆ ಬಿತ್ತೋ, ಯಾವಾಗ ನಾನು ಅವರ ಎರಡು ಬೆರಳು ಒತ್ತಿದೆನೋ, ಆ ದೇವರೇ ಬಲ್ಲ.

ಎಡಬಲದ ಅಧಿಕಾರಿಗಳು ಕತ್ತು ಚಾಚಿ ಕರ್ಚೀಫನ್ನೇ ನೋಡುತ್ತಿದ್ದರು. ನನ್ನ ಕಣ್ಣ ಮುಂದೆ ಗಾದಿ, ಮೆಣಸಿನಕಾಯಿ ಚೀಲ, ನನ್ನ ಇಡೀ ಆಯುಷ್ಯ ಸೀನುತ್ತಾ ಸಾಗಿಹೋಯಿತು. ಆಗ ಕರ್ಚೀಫಿನ ಒಳಗೆ ಏನೋ ಅಲುಗಾಡಿತು. ಮುಖ್ಯಸ್ಥರು ನನ್ನ ಒಂದು ಬೆರಳನ್ನು ಗಟ್ಟಿಯಾಗಿ ಒತ್ತಿದರು!

“ಯಾವ ಪ್ಯಾಟಿ?” ಎಂದರು, ಮೆಲ್ಲಗೆ.

“ಅಣ್ಣಿಗೇರಿರಿ.”

“ನಮ್ಮಪ್ಪಂದೂ ದಲಾಲಿ ಅಂಗಡಿನ. ಆದ್ರ ಇಲ್ಲಿ ಪಗಾರ ಮೊದಲ ಗೊತ್ತಾಗಿರತೈತಿ ತಮ್ಮಾ, ಜಗ್ಗಾಕ ಬರೂದಿಲ್ಲ. ಕೈ ಬಿಡು.”

ಮನೆಗೆ ಬಂದವನೇ ನಡೆದದ್ದನ್ನೆಲ್ಲ ಹೇಳಿ, ಇನ್ನು ಮುಗಿಯಿತೆಂದು ಗೋಡೆ ಕಡೆ ಮುಖ ಮಾಡಿ ಮಲಗಿದೆ. ಅವ್ವ ಕಣ್ಣೀರು ಹಾಕಿದಳು. ಮಾಮಾ ಮಾತ್ರ ಒಂದೇ ಮಾತು ಕೇಳಿದ: “ಅಂವಾ ತಿರುಗಿ ಬೆರಳು ಒತ್ತಿದನೋ ಇಲ್ಲೋ?”

“ಒತ್ತಿದ.”

“ಹಂಗಾರ ಅಳ್ತೀರಿ ಯಾಕ? ಬ್ಯಾಡಾದ ಮಾಲಿಗೆ ಯಾರೂ ಬೆರಳು ಒತ್ತೂದಿಲ್ಲ!”

ಪಾಡ್ಯದ ಹಿಂದಿನ ದಿನ ನೇಮಕದ ಆದೇಶ ಬಂತು. ನನಗೆ ಆದ ಸಂತೋಷ ಹೇಳತೀರದು. ಪೇಡೆ ಹಿಡಿದು ಓಡಿಹೋಗಿ ಮಾಮಾನ ಕಾಲಿಗೆ ಬಿದ್ದೆ. ಅವನು ಆಶೀರ್ವಾದ ಮಾಡಿ, ಪೇಡೆ ಬಾಯಿಗೆ ಹಾಕಿಕೊಂಡು, ಗೂಟದ ಮೇಲಿನ ಟೊಪ್ಪಿಗೆ ತೆಗೆದು ತಲೆಗಿಟ್ಟ.

“ಎಲ್ಲಿಗೆ ಹೊಂಟಿ ಮಾಮಾ?”

“ವ್ಯಾಪಾರ ಕುದುರಿಸಿದಾಂವ ನಾನು. ನಿನ್ನ ಕಡಿ ದಲಾಲಿ ಮೊದಲನೇ ಪಗಾರದಾಗ ಕೊಡು,” ಎಂದು ಮೆಟ್ಟು ಮೆಟ್ಟಿಕೊಂಡ. “ಬ್ಯಾಂಕಿನ ಕಡಿದು ಹುಬ್ಬಳ್ಳಿಗೆ ಹೋಗಿ ನಾನ ಕೇಳಿಕೊಂಡು ಬರ್ತೀನಿ.”