ಜಾಡಿಯ ಸೀಗಡಿ

ಅಂಗಡಿಯಲ್ಲಿ ಉಳಿದಿದ್ದ ಕೊನೆಯ ನೀರಿನ ಕ್ಯಾನನ್ನು ಸೈಕಲ್ಲಿಗೆ ಬಿಗಿದುಕೊಂಡು ಊರಬಾವಿಯ ಪಂಪಿನವನು ನೆಟ್ಟಗೆ ಹಿಂದಿನ ಬೀದಿಯ ತನ್ನ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಮಗಳಿಗೆ ಎರಡು ದಿನದಿಂದ ವಾಂತಿಭೇದಿ. "ಬಾವಿ ನೀರು ಒಂದು ಗುಟುಕೂ ಕೊಡ್ಬೇಡ" ಎಂದು ಡಾಕ್ಟರು ಗದರಿದ್ದರು. ಆದರೆ ದಾರಿಯಲ್ಲೇ ಪಂಪ್‌ಹೌಸು, ಬಾಗಿಲಲ್ಲೇ ನೀರಿನ ಆಫೀಸಿನ ಸಾಹೇಬರು.

"ಬಾರಯ್ಯ ಬೇಗ! ನಿನ್ನ ಸೀಗಡಿ ಸಾಯ್ತಾ ಇದೆ!"

ಊರಿಗೆಲ್ಲ ನೀರು ಕೊಡುವ ಬಾವಿಯ ತಳದಲ್ಲೊಂದು ಗುಹೆ. ಅಲ್ಲಿನ ಕತ್ತಲೆಯಲ್ಲಿ ಕಣ್ಣಿಲ್ಲದ ಬಿಳಿ ಸೀಗಡಿಗಳು ಯಾರ ತಂಟೆಗೂ ಹೋಗದೆ ಬಾಳಿದ್ದವು. ಮೇಲೆ ಹೊಸ ಬಡಾವಣೆ ಎದ್ದಿತು. ಅದರ ಕಕ್ಕಸಿನ ನೀರೆಲ್ಲ ಬಂಡೆಯ ಬಿರುಕಿಗೆ ಇಳಿಯಿತು. ಸೀಗಡಿಗಳು ಸತ್ತು ಅನ್ನದ ಅಗುಳಿನ ಹಾಗೆ ತೇಲಿಬಂದವು. ನಿನ್ನೆ ಸಂಜೆ ಸಿಕ್ಕಿದ, ಇನ್ನೂ ಜೀವವಿದ್ದ ಒಂದನ್ನು ಪಂಪಿನವನು ಗಾಜಿನ ಜಾಡಿಗೆ ಬಿಟ್ಟಿದ್ದ. ನೀರಿನ ತನಿಖೆಗೆ ಇವತ್ತು ಬರುವ ಇನ್ಸ್‌ಪೆಕ್ಟರಿಗೆ ಅದರ ಪಾಡು ತೋರಿಸಿದರೆ ನೀರು ಸೋಸುವ ಯಂತ್ರವಾದರೂ ಬಂದೀತು ಎಂಬ ಆಸೆ.

ಸಾಹೇಬರ ಲೆಕ್ಕ ಬೇರೆ. "ಇದು ಚೊಕ್ಕ ನೀರಲ್ಲಿ ಮಾತ್ರ ಬದುಕುತ್ತಂತೆ. ಬದುಕಿರೋದನ್ನ ತೋರಿಸಿದ್ರೆ ತನಿಖೆ ಮುಗೀತು!"

ಜಾಡಿಯ ಸುತ್ತ ಆಗಲೇ ಜಾತ್ರೆ. ಎದುರುಮನೆ ಅಜ್ಜಿ ಬೀಸಣಿಗೆ ಬೀಸುತ್ತಿದ್ದಳು.

"ಮುಖಕ್ಕೆ ನೀರು ಚಿಮುಕಿಸಿ ಸಾರ್, ಎಚ್ಚರ ಆಗುತ್ತೆ" ಎಂದ ಚಹಾದಂಗಡಿಯವ.

"ನೀರಲ್ಲೇ ಬಿದ್ದಿದೆಯಲ್ಲೋ ಮುಠ್ಠಾಳ!" ಎಂದ ಸಾಹೇಬರ ಕಣ್ಣು ಕ್ಯಾನಿನ ಮೇಲೆ ಬಿತ್ತು.

"ಸಾರ್, ಅದು ಮಗಳಿಗೆ..."

"ಅರ್ಧ ಸಾಕು ಕಣಯ್ಯ. ಕೆಲಸ ಬೇಕೋ, ಬೇಡ್ವೋ?"

ಬಾವಿ ನೀರು ಚೆಲ್ಲಿ ಕ್ಯಾನಿನ ನೀರು ಸುರಿದರು. ಸೀಗಡಿ ಸಂಬಳ ಬಂದ ಗುಮಾಸ್ತನಂತೆ ಮೀಸೆ ಕುಣಿಸಿತು.

ಇನ್ಸ್‌ಪೆಕ್ಟರು ಬಂದವರೇ ಬಗ್ಗಿ ನೋಡಿದರು. "ಭೇಷ್! ಇಂಥ ನಾಜೂಕಿನ ಜೀವಾನೇ ಬದುಕಿದೆ ಅಂದ್ಮೇಲೆ ನೀರು ಅಮೃತ. ಯಂತ್ರಗಿಂತ್ರ ಎಲ್ಲ ದಂಡ."

"ಸಾರ್, ಆ ನೀರು..." ಎನ್ನುವಷ್ಟರಲ್ಲಿ ಸಾಹೇಬರ ಬೂಟು ಪಂಪಿನವನ ಕಾಲ್ಬೆರಳ ಮೇಲೆ ಕೂತಿತು. ಬಾಯಿಂದ ಬಂದದ್ದು ಬರೀ "ಅಯ್ಯೋ!"

"ಯಾಕಯ್ಯ?"

"ಸಂತೋಷಕ್ಕೆ, ಸಾರ್" ಎಂದರು ಸಾಹೇಬರು.

ಅಜ್ಜಿ ಅಕ್ಕರೆಯಿಂದ ಒಂದು ಚೊಂಬು ಬಾವಿ ನೀರು ತಂದಳು. ಇನ್ಸ್‌ಪೆಕ್ಟರು ಹಾವು ಕಂಡಂತೆ ಹಿಂದೆ ಸರಿದರು. "ಬೇಡಮ್ಮ, ಕಂಡಕಂಡಲ್ಲಿ ನೀರು ನಂಗಾಗಲ್ಲ. ಆ ಕ್ಯಾನಿಂದು ಕೊಡಿ." ಅವರು ಕುಡಿದರು, ಡ್ರೈವರು ಕುಡಿದ, ಉಳಿದದ್ದರಲ್ಲಿ ಇಬ್ಬರೂ ಕೈ ತೊಳೆದರು.

ಜೀಪಿನ ಹಿಂದೆ ಬೀದಿಯ ತಿರುವಿನವರೆಗೂ ಕೈಮುಗಿದು ಓಡಿದ ಸಾಹೇಬರು ಏದುಸಿರು ಬಿಡುತ್ತ, ಬೆನ್ನಿಗೇ ಬಂದ ಪಂಪಿನವನಿಗೆ ಹೇಳಿದರು: "ಇನ್ಮೇಲೆ ಸೀಗಡಿಗೆ ದಿನಾ ಒಂದು ಕ್ಯಾನು, ಆಫೀಸಿನ ಖರ್ಚಲ್ಲಿ. ಅದು ಸತ್ರೆ ನಿನ್ನ ಕೆಲಸಾನೂ ಸತ್ತಂಗೆ."

"ಮಗಳಿಗೂ ಒಂದು ಕ್ಯಾನು, ಸಾರ್..."

"ನಿನ್ನ ಮಗಳನ್ನ ನೋಡಿ ಯಾರಯ್ಯ ಸರ್ಟಿಫಿಕೇಟ್ ಕೊಡ್ತಾರೆ?"

ಅವರು ಹೋದ ಮೇಲೆ ಪಂಪಿನವನು ಖಾಲಿ ಕ್ಯಾನು ಹಿಡಿದು ಪಂಪ್‌ಹೌಸಿನ ಒಳಗೆ ನುಗ್ಗಿದ. ಊರಲ್ಲಿ ಉಳಿದಿದ್ದ ಒಳ್ಳೆಯ ನೀರು ಆ ಜಾಡಿಯಲ್ಲಿತ್ತು. ಸೀಗಡಿಗೆ ಮುಳುಗುವಷ್ಟು ಬಿಟ್ಟು ಮಿಕ್ಕದ್ದನ್ನು ಸೋಸಿ ಒಯ್ದರೆ ಮಗಳ ಒಂದು ಹೊತ್ತಾದರೂ ಕಳೆದೀತು.

ಜಾಡಿ ಕಂಠಮಟ್ಟ ತುಂಬಿತ್ತು. ಮೇಲೆ ಅನ್ನದ ಅಗುಳೊಂದು ತೇಲುತ್ತಿತ್ತು.

ಬಾಗಿಲಲ್ಲಿ ಅಜ್ಜಿ ಖಾಲಿ ಚೊಂಬು ಹಿಡಿದು ನಗುತ್ತಿದ್ದಳು.

"ಅಮೃತ ಅಂತ ದೊಡ್ಡೋರೇ ಹೇಳಿದ್ರಲ್ಲ ಮಗಾ, ಚೆಲ್ಲೋದ್ಯಾಕೆ? ಅರ್ಧ ಅದಕ್ಕೆ ಹಾಕ್ದೆ. ಇನ್ನರ್ಧ ನಿಮ್ಮನೇಗೆ ಕೊಟ್ಟು ಬಂದೆ. ಪಾಪ, ಕೂಸಿಗೆ ಎಷ್ಟು ಬಾಯಾರಿಕೆಯೋ! ಒಂದೇ ಉಸಿರಿಗೆ ಕುಡೀತು ನೋಡು."