ನನ್ನ ವ್ಯಕ್ತಿತ್ವ ಮತ್ತು ಒಂದು ಗಿಡ್ಡ ತಿರುಪು

ಮಾನ್ಯ ವೃತ್ತಿ ಮಾರ್ಗದರ್ಶಕರೇ,

ತಮ್ಮ ಬಾಗಿಲ ಫಲಕದ ಮೇಲಿರುವ 'ಅತೃಪ್ತರ ಆಶಾಕಿರಣ' ಎಂಬ ಬಿರುದನ್ನು ತಮಗೆ ತಾವೇ ದಯಪಾಲಿಸಿಕೊಂಡಿರುವುದಕ್ಕೆ ಮೊದಲು ಅಭಿನಂದನೆಗಳು. ತಮ್ಮ ಕೃಪೆಯಿಂದ ನಲವತ್ತಾರನೆಯ ವಯಸ್ಸಿನಲ್ಲಿ ವ್ಯಕ್ತಿತ್ವವೊಂದನ್ನು ಪಡೆದು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲಿ ಹಿಡಿದು ನಿಂತಿರುವ ಮಹಿಳೆಯೊಬ್ಬಳು ವಿನಯಪೂರ್ವಕವಾಗಿ ಸಲ್ಲಿಸುತ್ತಿರುವ ದೂರು ಇದು. ದೂರು ಬರೆದು ನನಗೆ ರೂಢಿಯಿಲ್ಲ, ಉತ್ತರ ಬರೆದು ಮಾತ್ರ ರೂಢಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ದಿನಕ್ಕೆ ಅದೆಷ್ಟೋ ಅತೃಪ್ತರನ್ನು ನೋಡುವ ತಮಗೆ ನನ್ನ ನೆನಪಿರಲಾರದು. ಮಡಚುವ ಕುರ್ಚಿ ತಯಾರಿಸುವ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಗ್ರಾಹಕರ ದೂರುಗಳಿಗೆ ಉತ್ತರ ಬರೆದವಳು ನಾನು. ನಮ್ಮ ಕುರ್ಚಿ ಮಡಚುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಯಾವಾಗ ಮಡಚುತ್ತದೆ ಎಂಬುದೊಂದೇ ತಕರಾರು. ಅದಕ್ಕೆ ನನ್ನಲ್ಲಿ ಮೂರು ಸಿದ್ಧ ಉತ್ತರಗಳಿದ್ದವು: ವಿಷಾದಿಸುತ್ತೇವೆ, ಪರಿಶೀಲಿಸುತ್ತೇವೆ, ಮತ್ತು ತಾವು ಕುಳಿತ ಭಂಗಿ ಸರಿಯಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಗಂಡ ಅಂಗಿಯ ಗುಂಡಿ ಕಿತ್ತುಹೋಗಿದೆ ಎಂದಾಗ, ತಲೆಯನ್ನೂ ಎತ್ತದೆ, ತಮ್ಮ ಅನಿಸಿಕೆಯನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು ಎಂದುಬಿಟ್ಟೆನಂತೆ. ಆ ಪುಣ್ಯಾತ್ಮರು ಗುಂಡಿಯನ್ನು ತಾವೇ ಹೊಲಿದುಕೊಂಡು, ಅದೇ ಅಂಗಿ ತೊಟ್ಟು ನನ್ನನ್ನು ತಮ್ಮ ಕಚೇರಿಗೆ ಕರೆತಂದರು.

ತಮ್ಮ ನೂರಿಪ್ಪತ್ತು ಪ್ರಶ್ನೆಗಳ ವ್ಯಕ್ತಿತ್ವ ಪರೀಕ್ಷೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ನೀವು ಸೇತುವೆಯಾಗಿದ್ದರೆ ಯಾರನ್ನು ದಾಟಿಸುತ್ತಿರಲಿಲ್ಲ ಎಂಬ ಪ್ರಶ್ನೆಗೆ ಮ್ಯಾನೇಜರ್ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಮನುಷ್ಯರನ್ನೆಲ್ಲ ಕೊಳ, ಕಾಲುವೆ, ಆವಿ, ಜಲಪಾತ ಎಂದು ವಿಂಗಡಿಸುವ ತಮ್ಮ ಶಾಸ್ತ್ರದ ಪ್ರಕಾರ ನಾನು ಅಣೆಕಟ್ಟು ಕಟ್ಟಿದ ಜಲಪಾತ ಎಂದು ತೀರ್ಪಾಯಿತು. ಕೆಲಸ ಬಿಡಲೇ ಎಂದು ಕೇಳಿದ್ದಕ್ಕೆ ತಾವು ಅಂದದ್ದು ನನಗೆ ಅಕ್ಷರಶಃ ನೆನಪಿದೆ: "ಬಿಡ್ಬೇಡಿ ಮೇಡಂ. ಇಷ್ಟು ವರ್ಷ ಆಫೀಸಿಗೆ ಹೋಗಿದ್ದು ನಿಮ್ಮ ಚಪ್ಪಲಿ. ನಾಳೆಯಿಂದ ನೀವೂ ಹೋಗಿ."

ಮರುದಿನ ನಾನೂ ಹೋದೆ. ದೂರುಗಳ ರಾಶಿಯ ಮೇಲಿದ್ದ ಪತ್ರ ನಿವೃತ್ತ ಹೆಡ್‌ಮಾಸ್ಟರೊಬ್ಬರದು. ಹಳೆಯ ವಿದ್ಯಾರ್ಥಿಗಳು ಸನ್ಮಾನ ಮಾಡುತ್ತಿದ್ದಾಗ, ಅವರ ಶಿಸ್ತನ್ನು ಯಾರೋ ಕೊಂಡಾಡುತ್ತಿದ್ದ ಗಳಿಗೆಯಲ್ಲೇ, ನಮ್ಮ ಕುರ್ಚಿ ಅವರನ್ನು ಒಳಗಿಟ್ಟುಕೊಂಡು ಮಡಚಿಕೊಂಡಿತ್ತು. ಭಂಗಿ ಸರಿಯಿರಲಿಲ್ಲ ಎಂದು ಬರೆಯಲು ಹೊರಟ ಕೈ ನಿಂತಿತು. ತಪ್ಪು ನಮ್ಮದೇ ಸಾರ್, ಬಲಗಾಲಿನ ತಿರುಪು ಎಂಟು ವರ್ಷದಿಂದ ಗಿಡ್ಡವಾಗಿದೆ, ಇದು ಇಲ್ಲಿ ಎಲ್ಲರಿಗೂ ಗೊತ್ತು, ನಿಮಗೆ ನೋವಾಯಿತೇ, ಯಾರಾದರೂ ಎಬ್ಬಿಸಿದರೇ ಎಂದು ಬರೆದು, ಧೈರ್ಯ ಕೆಡುವ ಮೊದಲೇ ಅಂಚೆಗೆ ಹಾಕಿದೆ.

ನಾಲ್ಕು ಪುಟದ ಉತ್ತರ ಬಂತು. ಯಾರೂ ಎಬ್ಬಿಸಲಿಲ್ಲವಂತೆ, ಮೊದಲು ನಕ್ಕರಂತೆ, ಆಮೇಲೆ ಫೋಟೊ ತೆಗೆದರಂತೆ. ನೋವಾಯಿತೇ ಎಂದು ಕೇಳಿದವಳು ನಾನೊಬ್ಬಳೇ ಅಂತೆ. ಆ ಪತ್ರವನ್ನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಎರಡು ಸಲ ಓದಿದೆ. ಹತ್ತೊಂಬತ್ತು ವರ್ಷದಲ್ಲಿ ನನಗೂ ಒಂದು ಉತ್ತರ ಬಂದಿತ್ತು.

ಆಮೇಲೆ ನಾನು ಅಣೆಕಟ್ಟನ್ನು ಪೂರ್ತಿ ತೆರೆದುಬಿಟ್ಟೆ. ಬಿದ್ದವರಿಗೆಲ್ಲ ನಿಜ ಬರೆದೆ. ಅವರು ಕುರ್ಚಿಯ ವಿಷಯ ಬಿಟ್ಟು ಬೆನ್ನುನೋವು, ಬಾಡಿಗೆದಾರ, ಮಾತು ಬಿಟ್ಟ ಸೋದರ ಎಂದೆಲ್ಲ ಬರೆಯತೊಡಗಿದರು. ಒಬ್ಬ ದರ್ಜಿ, ಬಿದ್ದೇ ಇಲ್ಲದವನು, ದೂರು ಬರೆಯುವ ಅರ್ಹತೆಗಾಗಿಯೇ ಒಂದು ಕುರ್ಚಿ ಕೊಂಡು ಮೂರು ದಿನ ಪಟ್ಟುಬಿಡದೆ ಕುಳಿತು ಕಡೆಗೂ ಬಿದ್ದ. ಸುದ್ದಿ ಹಬ್ಬಿ ಮಾರಾಟ ಏರಿತು.

ಮ್ಯಾನೇಜರ್ ಕರೆದಾಗ ನಾನು ಮೇಜಿನ ಮೇಲಿನ ಬಟ್ಟಲು, ಕನ್ನಡಕದ ಡಬ್ಬಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡೇ ಹೋಗಿದ್ದೆ. ಅವರು ಎದ್ದು ನಿಂತು, ನಿಮ್ಮ ನಿಜ ಬಹಳ ಚೆನ್ನಾಗಿದೆ, ದಿನಕ್ಕೆ ನಲವತ್ತು ಆಗಬಹುದೇ ಎಂದು ವಿಚಾರಿಸಿದರು. ಹೀಗೆ ಪ್ರಾಮಾಣಿಕತಾ ವಿಭಾಗ ಹುಟ್ಟಿತು. ನಾನೇ ಮುಖ್ಯಸ್ಥೆ, ಕೈಕೆಳಗೆ ಆರು ಜನ, ಅವರಿಗಾಗಿ ನಾನೇ ಸಿದ್ಧಪಡಿಸಬೇಕಾದ ಮೂರು ಮಾದರಿ ನಿಜಗಳು. ತಿರುಪನ್ನು ಉದ್ದ ಮಾಡೋಣವೇ ಎಂದು ಕೇಳಿದ್ದಕ್ಕೆ, ಹಾಗೆ ಮಾಡಿದರೆ ನಿಮ್ಮ ವಿಭಾಗಕ್ಕೆ ಕೆಲಸವೇ ಇರುವುದಿಲ್ಲವಲ್ಲ ಎಂದು ಅವರು ನನ್ನ ಬಗ್ಗೆ ನಿಜವಾಗಿಯೂ ಮರುಗಿದರು.

ಈ ಸಂಕಟ ಹೊತ್ತು ತಮ್ಮಲ್ಲಿಗೆ ಓಡಿಬಂದಾಗ ತಾವು ಮರುಪರೀಕ್ಷೆ ನಡೆಸಿ, ನಾನು ಈಗ ಆವಿಯಾಗಿದ್ದೇನೆಂದೂ, ಇನ್ನೂ ಆರು ಭೇಟಿಗಳು ಅಗತ್ಯವೆಂದೂ ತಿಳಿಸಿ, ಅವುಗಳ ಶುಲ್ಕವನ್ನು ಮುಂಗಡವಾಗಿ ಪಡೆದಿರಿ. ಅಷ್ಟೇ ಅಲ್ಲದೆ 'ಗುಮಾಸ್ತೆಯಿಂದ ಮುಖ್ಯಸ್ಥೆ' ಎಂಬ ತಲೆಬರಹದಡಿ ನನ್ನ ಫೋಟೊವನ್ನು ತಮ್ಮ ಕರಪತ್ರದಲ್ಲಿ ಅಚ್ಚುಹಾಕಿಸಿದಿರಿ. ಅದರಲ್ಲಿ ನಾನು ಆಕಾಶ ನೋಡುತ್ತಿದ್ದೇನೆ. ನಾನು ನೋಡಿದ್ದು ತಮ್ಮ ಚಾವಣಿಯ ಹಲ್ಲಿಯನ್ನು.

ಅದೇ ವಾರ ಹೆಡ್‌ಮಾಸ್ಟರ ಇನ್ನೊಂದು ಪತ್ರ ಬಂತು. ಅವರ ನಾಲ್ಕು ಪುಟಗಳಿಗೆ ನಾನು ಬರೆಯಬೇಕಿದ್ದ ಉತ್ತರವನ್ನು, ನಲವತ್ತರ ಲೆಕ್ಕದಲ್ಲಿ ಮುಳುಗಿ, ಕೈಕೆಳಗಿನವರಿಗೆ ದಾಟಿಸಿದ್ದೆ. ಅವರು ಮಾದರಿ ನಿಜ ನಂಬರ್ ಎರಡನ್ನು ಕಳಿಸಿದ್ದರು. ಹೆಡ್‌ಮಾಸ್ಟರು ಒಂದೇ ಸಾಲು ಬರೆದಿದ್ದರು: "ನೀವೂ ನಕ್ಕಿರಾ ತಾಯಿ?"

ಆ ಸಾಲನ್ನು ಹಿಡಿದುಕೊಂಡು ನಾನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಮೆಟ್ಟಿಲಿಳಿದು ಜೋಡಣೆ ವಿಭಾಗಕ್ಕೆ ಹೋದೆ. ಅಲ್ಲಿಯ ಮೇಸ್ತ್ರಿ ಪತ್ರ ಓದಿದರು, ಕನ್ನಡಕ ತೆಗೆದರು, ಬೀರುವಿನಿಂದ ಭಾರದ ಡಬ್ಬವೊಂದನ್ನು ಎಳೆದರು. "ಉದ್ದದ ಸ್ಕ್ರೂ ಎಂಟು ವರ್ಷದಿಂದ ಇಟ್ಕೊಂಡಿದೀನಮ್ಮ," ಅಂದರು. "ಯಾರೂ ಕೇಳ್ಲಿಲ್ಲ."

ಅಂದಿನಿಂದ ನನ್ನ ವಿಭಾಗದಿಂದ ಹೊರಟ ಪ್ರತಿ ಲಕೋಟೆಯಲ್ಲೂ ಒಂದೊಂದು ತಿರುಪು ಹೋಯಿತು. ಮೇಸ್ತ್ರಿ ಹೊಸ ಕುರ್ಚಿಗಳಿಗೂ ಅದನ್ನೇ ಬಿಗಿದರು. ಹೆಡ್‌ಮಾಸ್ಟರ ಮನೆಗೆ ಮಾತ್ರ ನಾನೇ ಹೋಗಿ, ಮಂಡಿಯೂರಿ ಕೂತು ತಿರುಪು ಬಿಗಿದು, ಮೊದಲು ನಾನು ಕುಳಿತು ತೋರಿಸಿದೆ. ಅವರೂ ಕುಳಿತರು. ಎರಡು ತಿಂಗಳಲ್ಲಿ ದೂರುಗಳು ನಿಂತವು, ಪ್ರಾಮಾಣಿಕತೆಗೆ ಬೇಡಿಕೆಯಿಲ್ಲವೆಂದು ವಿಭಾಗ ಮುಚ್ಚಿತು, ಕೈಕೆಳಗಿನ ಆರು ಜನ ಮಾರಾಟ ವಿಭಾಗ ಸೇರಿದರು. ಎಲ್ಲಿಗೆ ಹಾಕಲಿ ಎಂದು ಕೇಳಿದ ಮ್ಯಾನೇಜರಿಗೆ ಕೆಳಗೆ ಎಂದೆ. ಈಗ ಮೇಸ್ತ್ರಿಯ ಪಕ್ಕ ನಿಂತು ಬಲಗಾಲುಗಳನ್ನು ಬಿಗಿಯುತ್ತೇನೆ.

ದೂರು ಇರುವುದು ಇಲ್ಲಿಯೇ. ಈ ಬದಲಾವಣೆಯನ್ನು ತಾವು 'ಗಂಭೀರ ಹಿನ್ನಡೆ' ಎಂದು ಕರೆದು ಪತ್ರ ಬರೆದಿದ್ದೀರಿ. ಇರಬಹುದು, ಬಲ್ಲವರು ತಾವು. ಆದರೆ ಬೆಳಿಗ್ಗೆ ಎದ್ದರೆ ಕೆಲಸಕ್ಕೆ ಹೋಗಬೇಕೆನಿಸುತ್ತದೆ, ಸಂಜೆ ಬಂದರೆ ಹಸಿವಾಗುತ್ತದೆ. ಇಂಥ ಸ್ಥಿತಿಗೆ ತಮ್ಮ ಶಾಸ್ತ್ರದಲ್ಲಿ ಯಾವ ಜಲಮೂಲದ ಹೆಸರಿದೆಯೆಂದು ತಿಳಿಸಬೇಕು. ಇಲ್ಲವಾದರೆ ನನ್ನ ವ್ಯಕ್ತಿತ್ವವನ್ನು ಹಿಂದಕ್ಕೆ ಪಡೆದು, ಜಲಪಾತವೊಂದರ ತುರ್ತು ಅಗತ್ಯವಿರುವ ಬೇರೆ ಯಾರಿಗಾದರೂ ಕೊಡಬೇಕು. ನಾನದನ್ನು ಜೋಪಾನವಾಗಿ ಬಳಸಿದ್ದೇನೆ, ಗೀರು ಬಿದ್ದಿಲ್ಲ. ಕರಪತ್ರದಿಂದ ನನ್ನನ್ನು ತೆಗೆದು ಆ ಜಾಗದಲ್ಲಿ ನಮ್ಮ ಹಳೆಯ ಕುರ್ಚಿಯ ಚಿತ್ರ ಹಾಕುವುದು ಹೆಚ್ಚು ನ್ಯಾಯ. ಯಾರು ಏನೆಂದುಕೊಂಡಾರು ಎಂಬ ಅಳುಕಿಲ್ಲದೆ, ತನಗೆ ಅನಿಸಿದಾಗ, ಅನಿಸಿದಂತೆ ನಡೆದುಕೊಂಡು, ತನ್ನ ನಿಜ ಸ್ವಭಾವವನ್ನು ಪೂರ್ತಿಯಾಗಿ ಕೆಲಸಕ್ಕೆ ತಂದ ನೌಕರ ನಮ್ಮ ಕಂಪನಿಯಲ್ಲಿ ಅದೊಂದೇ.

ಉದ್ಯೋಗದಲ್ಲಿ ನೆಮ್ಮದಿಯಿಂದಿರುವ ಅಪರಾಧಕ್ಕಾಗಿ ಕ್ಷಮೆ ಕೋರುತ್ತಾ,

ತಮ್ಮ ವಿಶ್ವಾಸಿ,
ಬಲಗಾಲು ಬಿಗಿಯುವವಳು

ತಾ.ಕ.: ನಾನು ಬಳಸದೆ ಉಳಿದ ಆರು ಭೇಟಿಗಳನ್ನು ನನ್ನ ಅತ್ತೆಯವರ ಹೆಸರಿಗೆ ವರ್ಗಾಯಿಸಿದ್ದೇನೆ. ಅವರಿಗೆ ಯಾವ ಅತೃಪ್ತಿಯೂ ಇಲ್ಲ, ಆದರೆ ಮನುಷ್ಯರನ್ನು ಅಳೆಯುವ ಹವ್ಯಾಸ ಅವರಿಗೂ ಉಂಟು, ಅದೂ ಪ್ರಶ್ನೆಪತ್ರಿಕೆ ಇಲ್ಲದೆ. ಗುರುವಾರ ಹನ್ನೊಂದಕ್ಕೆ ಬರುತ್ತಾರೆ. ತಾವು ಊಟ ಮುಗಿಸಿಕೊಂಡಿರುವುದು ಒಳ್ಳೆಯದು.