ಕಾರಿನ ಮನೆತನ

ನಮ್ಮ ಅವ್ವ ಕಾರು ನೋಡಲು ಹೋದರೆ ಕಾರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿಕೊಂಡು ಬರುತ್ತಾಳೆ. ನಂಬುವುದಿಲ್ಲವೇ? ಗಜೇಂದ್ರಗಡದಲ್ಲಿ ನಾವು ನೋಡಿದ ಕಾರಿನ ಬಣ್ಣ ಯಾವುದೆಂದು ಅವಳನ್ನು ಕೇಳಿ ನೋಡಿ, ನೆನಪಿಲ್ಲ. ಆದರೆ ಆ ಕಾರಿನವರ ಹಿತ್ತಲಲ್ಲಿ ರಾತ್ರಿಯ ಮುಸುರೆ ಪಾತ್ರೆಗಳು ಮಧ್ಯಾಹ್ನವಾದರೂ ಹಾಗೇ ಬಿದ್ದಿದ್ದವು ಎಂಬುದು ಇವತ್ತಿಗೂ ನೆನಪಿದೆ!

ಇದಕ್ಕೆ ಕಾರಣವಿದೆ. ಅವ್ವನಿಗೆ ಸಂಬಂಧ ಕೂಡಿಸುವ ಹುಚ್ಚು. ರೋಣ, ನರಗುಂದ, ಗಜೇಂದ್ರಗಡದ ಸುತ್ತ ಯಾರ ಮನೆಯಲ್ಲಿ ಮದುವೆಗೆ ಬಂದ ಹುಡುಗನಿದ್ದಾನೆ, ಯಾರ ಮನೆಯಲ್ಲಿ ಹುಡುಗಿ ಇದ್ದಾಳೆ, ಯಾವ ಅತ್ತೆಯ ನಾಲಿಗೆ ಎಷ್ಟು ಉದ್ದ, ಎಲ್ಲವೂ ಅವಳ ತಲೆಯಲ್ಲಿದೆ. ಇದನ್ನು ಅವಳು ದುಡ್ಡಿಗೆ ಮಾಡುವವಳಲ್ಲ. ಮದುವೆಯಲ್ಲಿ ಮೊದಲ ಪಂಕ್ತಿಯ ಊಟ ಸಿಕ್ಕರೆ ಸಾಕು. ಅವಳ ಸಿದ್ಧಾಂತ ಒಂದೇ. "ವರನ್ನ ಏನ್ ನೋಡ್ತೀರಿ? ಅವ ಅವತ್ತ ತಲಿ ಬಾಚ್ಕೊಂಡ ಕುಂತಿರ್ತಾನ. ಮನಿತನ ನೋಡ್ರಿ."

ಇನ್ನೊಂದು ಕಟ್ಟಳೆಯೂ ಇದೆ. ನೋಡಲು ಹೋದ ಮನೆ ಮನಸ್ಸಿಗೆ ಬರದಿದ್ದರೆ ಅವ್ವ ಬರೀ ನೀರು ಕುಡಿದು ಎದ್ದುಬಿಡುತ್ತಾಳೆ. ಒಪ್ಪಿಗೆಯಾದರೆ ಮಾತ್ರ ಸಿಹಿ ಮುಟ್ಟುತ್ತಾಳೆ. ಇದು ಸುತ್ತಲಿನ ಊರಿಗೆಲ್ಲ ಗೊತ್ತಾಗಿರುವುದರಿಂದ ಅವಳು ಹೋದ ಮನೆಯಲ್ಲಿ ಯಾರೂ ಅವಳ ಮುಖ ನೋಡುವುದಿಲ್ಲ, ಎಲ್ಲರ ಕಣ್ಣೂ ಅವಳ ತಟ್ಟೆಯ ಮೇಲೆ.

ಇಂಥವಳ ಕೈಗೆ ಅವಳ ಒಬ್ಬಳೇ ಮಗಳಾದ ನನ್ನ ಮೊದಲ ಕಾರು ಸಿಕ್ಕಿಬಿತ್ತು.

ನನಗೆ ಆಗ ಹದಿನೆಂಟು ತುಂಬಿತ್ತು. ಲೈಸೆನ್ಸ್ ಬಂದಿತ್ತು. ರೋಣದಿಂದ ಗದಗಿನ ಕಾಲೇಜಿಗೆ ದಿನಾ ಬಸ್ಸು. ಬೆಳಿಗ್ಗೆ ಆ ಬಸ್ಸಿನಲ್ಲಿ ಎರಡೂ ಕಾಲು ನೆಲಕ್ಕೆ ತಾಗಿದರೆ ಅದೇ ಆ ದಿನದ ಭಾಗ್ಯ. ನನ್ನ ಕನಸಿನ ತುಂಬ ಕಾರು. ಕೆಂಪಗಿರಬೇಕು, ಗಿಡ್ಡಗಿರಬೇಕು, ಹಿಂದೆ ಪುಟ್ಟದೊಂದು ರೆಕ್ಕೆ ಇರಬೇಕು, ಸ್ಟಾರ್ಟ್ ಮಾಡಿದರೆ ಓಣಿಯ ನಾಯಿಗಳೆಲ್ಲ ಎದ್ದು ನಿಲ್ಲಬೇಕು. ಹೊಸದಕ್ಕೆ ನಮ್ಮ ಕೈ ಎಟಕುವುದಿಲ್ಲ, ಹಳೆಯದಾದರೂ ಸರಿ. ಅಪ್ಪನದು ಕಾಳುಕಡಿಯ ಅಡತಿ ಅಂಗಡಿ. ಮಾತು ಕಡಿಮೆ, ಆಡಿದರೆ ತೂಕ ಹಾಕಿದಂತೆ. "ಸುಗ್ಗಿ ಚಾಲೂ ಆಗೂದ್ರಾಗ ನೋಡ್ರಿ. ಆಮ್ಯಾಲೆ ರೊಕ್ಕೆಲ್ಲಾ ಕಾಳಿಗೆ ಹಾಕಬೇಕಾಗ್ತೈತಿ. ನಿಮ್ಮವ್ವ ಹೂಂ ಅಂದ್ರ ನಂದೂ ಹೂಂ" ಎಂದುಬಿಟ್ಟ. ಸುಗ್ಗಿಯೊಳಗೆ ಅವ್ವನ ಬಾಯಿಂದ ಒಂದು ಹೂಂ ಬಾರದಿದ್ದರೆ ಇನ್ನೊಂದು ವರ್ಷ ಬಸ್ಸೇ ಗತಿ!

ಮೊದಲು ಹೋದದ್ದು ಗಜೇಂದ್ರಗಡಕ್ಕೆ. ಕಾರಿನ ಯಜಮಾನ ಕಪ್ಪು ಕನ್ನಡಕದ ಹುಡುಗ. ನಮ್ಮನ್ನು ಕಂಡದ್ದೇ ಕಾರು ಸ್ಟಾರ್ಟ್ ಮಾಡಿದ. ಮಾಳಿಗೆಯ ಮೇಲಿನ ಪಾರಿವಾಳಗಳೆಲ್ಲ ಹಾರಿಹೋದವು.

"ಅಕ್ಕಾರ, ಆವಾಜ್ ಕೇಳ್ರಿ" ಎಂದ.

"ಕೇಳಿದೆ. ನಿಮ್ಮವ್ವಾರು ಎಲ್ಲದಾರ?" ಎಂದಳು ಅವ್ವ.

ಹುಡುಗ ಗಲಿಬಿಲಿಯಾಗಿ ಒಳಗೆ ಬೆರಳು ತೋರಿಸಿದ. ಅವ್ವ ಒಳಗೆ ಹೋದವಳು ಹೋದಳೇ. ನಾನು ಬಾನೆಟ್ ತೆರೆಸಿ ನೋಡಿದೆ, ಗಾಲಿ ನೋಡಿದೆ, ಸೀಟಿನಲ್ಲಿ ಕುಳಿತು ಎದ್ದು ಮತ್ತೆ ಕುಳಿತೆ. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಓಡಿಹೋಗಿ ಕೇಳಿದೆ, ಏನು ತಿಂದೆ ಎಂದು. ನೀರು ಕುಡಿದಿದ್ದಳು!

"ಗಾಡಿ ಎಲ್ಲೆರ ಬಡದೇತೇನಪಾ?" ಎಂದು ಹುಡುಗನನ್ನು ಕೇಳಿದಳು.

"ಏ ಇಲ್ರಿ. ಒಂದ್ ಗೀರು ಸೈತ ಬಿದ್ದಿಲ್ಲ."

ಒಳಗಿನಿಂದ ಅವನ ತಾಯಿಯ ದನಿ ಬಂತು. "ಸುಳ್ಳ ಯಾಕ ಹೇಳ್ತೀಪಾ? ಸೂಡಿ ಊರ ದಾರ್ಯಾಗ ಎರಡ ಸಲ ಹೊಲಕ್ಕ ಇಳಿಸಿದಿ. ಕಡ್ಲಿ ಹೊಲದಾವ್ರು ಬಂದ ನನ್ನ ಜೋಡಿ ಜಗಳಾಡಿ ಹೋದ್ರು."

ಬಸ್ಸಿನಲ್ಲಿ ವಾಪಸು ಬರುವಾಗ ನಾನು ವಾದ ಹೂಡಿದೆ. ರಿಪೇರಿ ಮಾಡಿಸಿದ್ದಾನೆ, ಮುಂದಿನ ಭಾಗವೆಲ್ಲ ಹೊಸದು, ಇಂಜಿನ್ನಿಗೆ ಏನೂ ಆಗಿಲ್ಲ ಎಂದೆ. ಅವ್ವ ಕಿಟಕಿಯ ಆಚೆಯ ಹೊಲ ನೋಡುತ್ತ, "ಆ ಗಾಡಿಗೆ ಹೊಲದ ಹಾದಿ ಗೊತ್ತಾಗೇತಿ. ಬ್ಯಾಡ" ಎಂದಳು. ಇದಕ್ಕೆ ಯಾವ ಮೆಕ್ಯಾನಿಕ್ ಉತ್ತರ ಕೊಟ್ಟಾನು?

ಎರಡನೆಯದು ಅಸೂಟಿಯಲ್ಲಿ. ಒಕ್ಕಲುತನದ ದೊಡ್ಡ ಮನೆ. ಬೇವಿನ ಮರದ ಕೆಳಗೆ ಕೆಂಪು ಕಾರು, ಕಾರಿನ ಕೆಳಗೆ ತಣ್ಣಗೆ ಮಲಗಿದ ಕೋಳಿಗಳು. ಮನೆಗೆ ಇನ್ನೊಂದು ದೊಡ್ಡ ಗಾಡಿ ಬಂದಿದ್ದರಿಂದ ಇದನ್ನು ಕೊಡುತ್ತೇವೆಂದರು. ಹುಳುಕಿಲ್ಲ, ಮುಚ್ಚುಮರೆಯಿಲ್ಲ. ಅವ್ವ ಎಂದಿನಂತೆ ಒಳಗೆ ನಡೆದಳು. ದನದ ಕೊಟ್ಟಿಗೆ ನೋಡಿದಳು, ಒಲೆ ನೋಡಿದಳು, ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಅವರೆಕಾಯಿ ಸುಲಿಯುತ್ತ ನಗುತ್ತಿದ್ದುದನ್ನು ನೋಡಿ ಕರಗಿಹೋದಳು. ಗೋಧಿ ಹುಗ್ಗಿ ಬಂತು. ನನ್ನ ಕಣ್ಣು ಅವ್ವನ ತಟ್ಟೆಗೆ ಅಂಟಿಕೊಂಡಿತು. ತಿಂದಳು! ಮತ್ತೊಂದು ಸೌಟು ಹಾಕಿಸಿಕೊಂಡಳು! ನಾನು ಆಗಲೇ ಮನಸ್ಸಿನಲ್ಲಿ ಗದಗಿನ ರಸ್ತೆಯ ಮೇಲಿದ್ದೆ.

ಮನೆಗೆ ಬಂದು, "ಅವ್ವ, ಯಾವಾಗ ತರೂದು?" ಎಂದೆ.

"ಏನ?"

"ಕಾರ."

"ಯಾ ಕಾರ?" ಎಂದಳು ಅವ್ವ, ಖರೇನೇ ಮರೆತವಳಂತೆ. "ಆ ಮನಿ ಸಣ್ಣ ಮಗ ಅದಾನಲ್ಲ, ಅವನಿಗೆ ಇಲ್ಲೇ ನಮ್ಮ ಹಿಂದಿನ ಓಣಿ ಹುಡಿಗಿನ್ನ ಮಾತಾಡಿ ಬಂದೆ. ಹೇಳಿ ಮಾಡಿಸಿದಂಥಾ ಜೋಡಿ."

ಹುಗ್ಗಿ ತಿಂದದ್ದು ಕಾರಿಗಲ್ಲ, ಸಂಬಂಧಕ್ಕೆ! ಮದುವೆ ಕೂಡಿತು. ಮದುವೆ ಕೂಡಿದ ಮೇಲೆ ಹೊಸ ಜೋಡಿಗೆ ಓಡಾಡಲು ಬೇಕೆಂದು ಅವರು ಕಾರು ಮಾರುವುದನ್ನೇ ಬಿಟ್ಟರು. ಮದುವೆಯ ದಿನ ಆ ಕಾರು ಮೈತುಂಬ ಚೆಂಡುಹೂ ಹೊತ್ತು ನಮ್ಮ ಮನೆಯ ಮುಂದಿನಿಂದಲೇ ಹೋಯಿತು. ಅವ್ವ ನನ್ನ ಭುಜ ತಟ್ಟಿ, "ನೋಡು, ಎಂಥಾ ಚಲೋ ಗಾಡಿ" ಎಂದಳು. ನಾನು ಆ ದಿನ ಊಟ ಬಿಡಬೇಕೆಂದುಕೊಂಡೆ. ಆದರೆ ಮೊದಲ ಪಂಕ್ತಿಯಲ್ಲಿ ಅವ್ವನ ಪಕ್ಕದಲ್ಲೇ ಜಾಗವಿತ್ತು, ಮೇಲಾಗಿ ಬೆಲ್ಲದ ಮಾದಲಿಗೆ ತುಪ್ಪ ಹಾಕಿ ಬಡಿಸುತ್ತಿದ್ದರು.

ಹೀಗೆ ಸುಗ್ಗಿ ಹತ್ತಿರ ಬಂತು. ಹೊಲದಲ್ಲಿ ಜೋಳ ತೆನೆ ಬಾಗಿಸಿತು. ಅಪ್ಪ ಚೀಲಗಳನ್ನು ಹೊರಗೆ ತೆಗೆದು ಝಾಡಿಸತೊಡಗಿದ. ಉಳಿದದ್ದು ನರಗುಂದದ ಒಂದೇ ಒಂದು ಕಾರು.

ಅದನ್ನು ನೋಡಿದೊಡನೆ ಓಡಿಹೋಗಿ ಸುತ್ತ ಒಂದು ಸುತ್ತು ಹಾಕಿದೆ. ಕೆಂಪು. ನೆಲಕ್ಕೆ ಕಿವಿಗೊಟ್ಟು ಕುಳಿತಷ್ಟು ಗಿಡ್ಡ. ಹಿಂದೆ ರೆಕ್ಕೆ. ಮಾರುವವಳು ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು, ಮದುವೆಗೆ ಮುಂಚೆಯೇ ತನ್ನ ಸಂಬಳದಲ್ಲಿ ಕೊಂಡ ಕಾರಂತೆ. ಈಗ ಅವಳಿಗೆ ಅವಳಿಜವಳಿ ಮಕ್ಕಳು. "ಎರಡೂ ಕೂಸು ಎತ್ಕೊಂಡ ಇದರಾಗ ಬಗ್ಗಿ ಕುಂದ್ರಾಕ ಆಗವಲ್ದ್ರಿ ಕಾಕೂ" ಎಂದು ಕಾರಿನ ಮೇಲೆ ಕೈಯಾಡಿಸಿದಳು. ಮಾರುವ ಮನಸ್ಸಿಲ್ಲದೆ ಮಾರುವವರ ಕೈ ಹೇಗಿರುತ್ತದೆಂದು ನಾನು ಅವತ್ತು ನೋಡಿದೆ.

ಅವ್ವ ಅಡುಗೆಮನೆ ನೋಡಿದಳು, ಲಕಲಕ. ಅತ್ತೆಯನ್ನು ಮಾತಾಡಿಸಿದಳು, ಬೆಣ್ಣೆಯಂಥ ಹೆಂಗಸು. ಸಮಾಧಾನವಾಗದೆ ಪಕ್ಕದ ಮನೆಗೂ ಹೋಗಿ ವಿಚಾರಿಸಿದಳು. ಪಕ್ಕದ ಮನೆಯವರು ಹೊಗಳುವ ಮನೆತನ ಲೋಕದಲ್ಲಿ ಎಷ್ಟಿವೆ ಹೇಳಿ! ಅವರೂ ಹೊಗಳಿದರು. ತುಪ್ಪ ಸುರಿಯುವ ಶಿರಾ ಬಂತು. ಅವ್ವ ತಟ್ಟೆಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿಸಿ ನೀರು ಕುಡಿದಳು.

ನನಗೆ ತಡೆಯಲಾಗಲಿಲ್ಲ. ಗುಡ್ಡದ ಕೆಳಗಿನ ಬಸ್ ಸ್ಟ್ಯಾಂಡಿಗೆ ಬಂದದ್ದೇ ಜಗಳ ತೆಗೆದೆ. "ಈ ಗಾಡ್ಯಾಗ ಏನ್ ಕಡಿಮಿ ಐತಿ? ಮನಿತನದಾಗ ಏನ್ ಕಡಿಮಿ ಐತಿ? ಕೊಡಿಸೂ ಮನಸ ಇಲ್ಲಂದ್ರ ಹಂಗರ ಹೇಳಬೇ. ಯಾಕ ಊರೂರು ತಿರುಗಿಸಾಕತ್ತಿ?"

ಅವ್ವ ಬೆಂಚಿನ ಮೇಲೆ ಕುಳಿತಳು. ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು.

"ಕಡಿಮಿ ಏನೂ ಇಲ್ಲ" ಎಂದಳು ಕೊನೆಗೆ. "ಚಲೋ ಐತಿ. ಅದಕ್ಕ ತಿನ್ನಾಕ ಆಗಲಿಲ್ಲ."

"ಅಂದ್ರ?"

"ಸಂಜಿಮುಂದ ನೀ ಬಸ್ ಇಳೀತಿ. ಅಲ್ಲಿಂದ ಮನಿತನಕ ಕಾಲೇಜಿನ್ಯಾಗ ಏನಾತು, ಯಾರ ಏನಂದ್ರು, ಎಲ್ಲಾ ಹೇಳ್ಕೋತ ಬರ್ತಿ. ಮನಿ ಹೊಕ್ಕಿ ಅಂದ್ರ ಮುಗೀತು, ಫೋನ್ ಹಿಡ್ಕೊಂಡ ಖೋಲ್ಯಾಗ ಕುಂತಬಿಡ್ತಿ. ಕಾರ್ ಬಂದ್ರ ಸೀದಾ ಬಾಗಲಕ್ಕ ಬಂದ ಇಳೀತಿ ನೀ. ಮತ್ತ ನನ್ ಜೋಡಿ ಯಾವಾಗ ಮಾತಾಡಾಕಿ?"

ದಿನಾ ಸಂಜೆ ಅವ್ವ ಕಾಯಿಪಲ್ಲೆ ಚೀಲ ಹಿಡಿದು ಬಸ್ ಸ್ಟ್ಯಾಂಡಿನ ಮುಂದೆ ಇರುತ್ತಿದ್ದಳು. ಸಂತೆಪೇಟೆ ಅಲ್ಲೇ ಇರುವುದರಿಂದ ಇರುತ್ತಾಳೆ ಎಂದು ತಿಳಿದಿದ್ದೆ. ಮೂರು ಜನರ ಮನೆಗೆ ದಿನಾ ಅಷ್ಟು ಬದನೆಕಾಯಿ ಯಾರಿಗೆ ಬೇಕು? ಊರಿನ ಎಲ್ಲರ ಮನೆಯ ಹೆಣ್ಣುಮಕ್ಕಳನ್ನು ನಗುನಗುತ್ತ ಬೇರೆ ಮನೆಗೆ ಕಳಿಸಿಕೊಡುವ ನನ್ನ ಅವ್ವನಿಗೆ ಅರ್ಧ ಮೈಲಿಯ ದಾರಿ ಬಿಟ್ಟುಕೊಡುವುದು ಕಷ್ಟವಾಗಿತ್ತು. ನನಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

"ಬಿಡಬೇ. ನನಗ ಬಸ್ಸ ಸಾಕು" ಎಂದೆ.

"ಹುಚ್ಚಿ ಅದೀ ಏನ?" ಅವ್ವ ಎದ್ದು ನಿಂತಳು. "ನಿನ್ನ ಬಸ್ಸಿನ್ಯಾಗ ತೂಗ್ಯಾಡಿಸಿ ನಾ ಮಾತ ಕೇಳೂದು ಯಾ ಊರ ನ್ಯಾಯ? ನಡಿ." ಬಂದ ದಾರಿಯಲ್ಲೇ ತಿರುಗಿ ನಡೆದಳು. ಕಾರಿನವರ ಬಾಗಿಲಿಗೆ ಹೋಗಿ ನಿಂತು, "ಯವ್ವಾ, ಶಿರಾ ಉಳದೇತೇನ?" ಎಂದು ಕೇಳಿದಳು.

ಕಾಗದಪತ್ರ ಮುಗಿದ ಮೇಲೆ ಕಾರು ತರಲು ಅಪ್ಪನೂ ಬಂದ. ಹೊರಡುವಾಗ ಅವ್ವ ತಡೆದಳು. ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದುಂಟೇ? ಮಾರಿದವಳ ಅತ್ತೆ ನಗುತ್ತ ಸ್ಟೇರಿಂಗಿಗೆ ಅರಿಶಿಣ ಕುಂಕುಮ ಹಚ್ಚಿ, ಡ್ರೈವರ್ ಸೀಟಿನ ಮೇಲೆ ಕುಬಸದ ಖಣ ಹಾಸಿ ಅಕ್ಕಿ, ಕೊಬ್ಬರಿ, ಬಾಳೆಹಣ್ಣು ಇಟ್ಟರು. ಮಾರಿದವಳು ಮಾತ್ರ ನಗಲಿಲ್ಲ, ಬಾಗಿಲ ಮರೆಗೆ ಹೋಗಿ ಕಣ್ಣೊರೆಸಿಕೊಂಡಳು. ಅವ್ವ ಅವಳ ತಲೆ ಸವರಿ, "ವರ್ಷಕ್ಕೊಮ್ಮೆ ತವರಮನಿಗೆ ಕಳಸ್ತೀವಿ, ಚಿಂತಿ ಮಾಡಬ್ಯಾಡ" ಎಂದಳು. ಅಪ್ಪ ಹಿಂದಿನ ಸೀಟಿನಲ್ಲಿ ಮೊಣಕಾಲನ್ನು ಗದ್ದಕ್ಕೆ ಹಚ್ಚಿಕೊಂಡು ಕುಳಿತ. ಸೀಟಿನ ಮೇಲಿಂದ ತೆಗೆದು ತುಂಬಿದ ಉಡಿ ಅಕ್ಕಿಯ ಚೀಲವೂ ಅವನ ತೊಡೆಯ ಮೇಲೆ.

ರೋಣ ಬಂತು. ನಾನು ಮನೆಯ ಕಡೆಗೆ ತಿರುಗಿಸಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇರುವ ಅಪ್ಪನ ಅಂಗಡಿಯ ಮುಂದೆ ನಿಲ್ಲಿಸಿ ಬೀಗ ಹಾಕಿದೆ.

"ಯಾಕ, ಮನಿಗೆ ಹೋಗೂದಿಲ್ಲೇನ?" ಎಂದಳು ಅವ್ವ.

"ಗಾಡಿ ಗಿಡ್ಡ ಐತಲ್ಲಬೇ. ನಮ್ಮ ಓಣ್ಯಾಗ ಹೊಟ್ಟಿ ಕೆರೀತೈತಿ. ದಿನಾ ಇಲ್ಲೇ ನಿಂದರ್ಸಬೇಕು."

ನಮ್ಮ ಓಣಿಗೆ ಹೋದ ವರ್ಷವಷ್ಟೇ ಸಿಮೆಂಟ್ ರಸ್ತೆಯಾಗಿದೆ. ಅದರ ಮೇಲೆ ರೊಟ್ಟಿ ಬಡಿಯಬಹುದು, ಅಷ್ಟು ನುಣುಪು. ಆ ರಸ್ತೆಗಾಗಿ ಪುರಸಭೆಗೆ ಅಲೆದು ಚಪ್ಪಲಿ ಸವೆಸಿದವನು ಸ್ವತಃ ಅಪ್ಪ. ಅವನು ಕಾರಿನಿಂದ ಕಷ್ಟಪಟ್ಟು ಇಳಿದು, ಮೊಣಕಾಲು ನೀವಿಕೊಂಡು, ನನ್ನ ಮುಖ ನೋಡಿದ.

"ಹೌದು" ಎಂದ. "ಓಣಿ ಭಾಳ ಖರಾಬ ಐತಿ."

ಅವ್ವ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ತಿಳಿಯದ ಮನೆತನವೇ ಇದು? "ಹಂಗಾರ ಇಲ್ಲೇ ಇರ್ಲಿ" ಎಂದಳು ಮೆಲ್ಲಗೆ.

ಈಗಲೂ ದಿನಾ ಸಂಜೆ ಕೆಂಪು ಕಾರು ಗದಗಿನಿಂದ ಗುಡುಗುತ್ತ ಬಂದು ಅಡತಿ ಅಂಗಡಿಯ ಮುಂದೆ ನಿಲ್ಲುತ್ತದೆ. ಅಲ್ಲಿ ಅವ್ವ ಇರುತ್ತಾಳೆ. ಕಾಯಿಪಲ್ಲೆ ಚೀಲವನ್ನು ನನ್ನ ಕೈಗೆ ದಾಟಿಸಿ, "ಹೂಂ, ಹೇಳು" ಎನ್ನುತ್ತಾಳೆ. ನಾನು ಹೇಳುತ್ತ ಹೋಗುತ್ತೇನೆ, ಇಬ್ಬರೂ ಆದಷ್ಟು ನಿಧಾನವಾಗಿ ನಡೆಯುತ್ತೇವೆ.